ಹತ್ತು ತಿಂಗಳ ಕೆಲಸಕ್ಕೆ ಏಳು ಜನ್ಮದ ಅರ್ಜಿ

ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಲು ಹೊರಟವರು ಮೊದಲು ತಿಳಿಯಬೇಕಾದದ್ದು: ಕೆಲಸ ಎಷ್ಟು ತಾತ್ಕಾಲಿಕವೋ ಅರ್ಜಿಯಲ್ಲಿ ಭಕ್ತಿ ಅಷ್ಟು ಶಾಶ್ವತವಾಗಿರಬೇಕು. ನೇಮಕ ಹತ್ತು ತಿಂಗಳದ್ದು, ನಿಷ್ಠೆ ಏಳು ಜನ್ಮದ್ದು. ‘ಬೋಧನೆಯೇ ನನ್ನ ಉಸಿರು’ ಎಂದು ಕವರ್ ಲೆಟರ್ ಶುರುಮಾಡಿ. ಮಿಕ್ಕ ಎರಡು ತಿಂಗಳು ಆ ಉಸಿರನ್ನು ಹೇಗೆ ಬಿಗಿಹಿಡಿಯುತ್ತೀರೆಂಬುದು ನಿಮ್ಮ ಮನೆಯ ವಿಚಾರ. ಅದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.

ಬಯೋಡಾಟಾದಲ್ಲಿ ಹದಿನೈದು ವರ್ಷದ ಅನುಭವವಿದ್ದರೆ ಧಾರಾಳವಾಗಿ ಬರೆಯಿರಿ, ಬೀಗಬೇಡಿ. ಪ್ರತಿ ವರ್ಷವೂ ನೀವು ಹೊಸಬರೇ. ಕಾಲೇಜಿನ ಯಾವ ಬೆಂಚಿನ ಕಾಲು ಮುರಿದಿದೆಯೆಂಬುದು ಹೋದ ತಿಂಗಳು ವರ್ಗವಾಗಿ ಬಂದ ಪ್ರಾಂಶುಪಾಲರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಆದರೂ ಅದೇ ಕಾಲೇಜಿನ ಸೀಲು ಬಿದ್ದ ಅನುಭವ ಪ್ರಮಾಣಪತ್ರವನ್ನು ತಂದು, ಇಷ್ಟು ದಿನ ಇಲ್ಲೇ ಇದ್ದೆನೆಂದು ಇಲ್ಲಿನವರಿಗೇ ಸಾಬೀತು ಮಾಡಬೇಕು.

‘ಇಷ್ಟು ವರ್ಷ ದುಡಿದಿದ್ದೇನೆ, ಕಾಯಂ ಮಾಡಿ’ ಎಂಬ ಸಾಲು ಮಾತ್ರ ಅಪ್ಪಿತಪ್ಪಿಯೂ ಬೇಡ. ಉಮಾದೇವಿ ಪ್ರಕರಣ ನೆನಪಿರಲಿ. ನಮ್ಮ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ಆ ಮೊಕದ್ದಮೆಯಲ್ಲಿ, ತಾತ್ಕಾಲಿಕವಾಗಿ ಸೇರಿದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು 2006ರಲ್ಲಿ ತೀರ್ಪಾಯಿತು. ಖಾಲಿ ಬಿದ್ದ ಮಂಜೂರಾದ ಹುದ್ದೆಗಳಿಗೆ ಕ್ರಮಬದ್ಧವಾಗಿ ನೇಮಕಾತಿ ಮಾಡಿ ಎಂದೂ ಅದೇ ತೀರ್ಪು ಹೇಳಿತ್ತು. ಮೊದಲ ಭಾಗ ಇಲಾಖೆಗಳಿಗೆ ಬಾಯಿಪಾಠ. ಎರಡನೆಯದು ಅವರ ಸಿಲಬಸ್ಸಿನಲ್ಲಿಲ್ಲ.

ದುಡ್ಡಿನ ಮಾತಿಗೆ ಬಂದರೆ, ತರಗತಿಗೆ 1,500 ರೂಪಾಯಿಯಂತೆ ತಿಂಗಳಿಗೆ 50,000ದವರೆಗೆ ಕೊಡಬಹುದೆಂದು ಯುಜಿಸಿ 2019ರಲ್ಲೇ ಹೇಳಿದೆ. ಇದನ್ನು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಳ್ಳಿ. ರಾಜ್ಯವೂ 2022ರಲ್ಲಿ ಉದಾರವಾಗಿ ಗರಿಷ್ಠ ಗೌರವಧನವನ್ನು 32,000ಕ್ಕೆ ಏರಿಸಿತು. ಜತೆಗೇ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿತು. ಪಾಠಗಳೇನೂ ಹೆಚ್ಚಾಗಲಿಲ್ಲವಲ್ಲ, ಒಬ್ಬರ ತಟ್ಟೆಗೆ ಬಡಿಸಿದ್ದು ಪಕ್ಕದವರ ತಟ್ಟೆಯಿಂದ ತೆಗೆದದ್ದೇ. ಇನ್ನು ಕಾಯಂ ಉಪನ್ಯಾಸಕರು ಯಾರಾದರೂ ವರ್ಗವಾಗಿ ಬಂದರೆ ನಡುವರ್ಷದಲ್ಲೇ ನಿಮ್ಮ ಕೈಯ ಸೀಮೆಸುಣ್ಣ ಅವರ ಕೈಗೆ. ಅದನ್ನು ನಗುನಗುತ್ತಾ ಕೊಡುವುದನ್ನು ‘ತಂಡದಲ್ಲಿ ಹೊಂದಿಕೊಂಡು ದುಡಿಯುವ ಗುಣ’ ಎಂದು ಬಯೋಡಾಟಾದಲ್ಲಿ ಸೇರಿಸಿ.

ಇಷ್ಟೆಲ್ಲ ವಿವರವನ್ನು ಒಂದೇ ಕಡೆಯಿಂದ ಕೇಳುವುದು ನ್ಯಾಯವಲ್ಲ. ಮುಂದಿನ ವರ್ಷದಿಂದ ಇಲಾಖೆಯೂ ಅಭ್ಯರ್ಥಿಗಳಿಗೆ ತನ್ನದೊಂದು ಬಯೋಡಾಟಾ ಕಳಿಸಲಿ: ಎಷ್ಟು ಹುದ್ದೆ ಖಾಲಿ, ಯಾವಾಗಿನಿಂದ ಖಾಲಿ, ಗೌರವಧನ ಬಾಕಿ ಎಷ್ಟು ತಿಂಗಳದ್ದು. ಕೊನೆಯಲ್ಲಿ ಪರಿಚಯಸ್ಥರಿಬ್ಬರ ಹೆಸರೂ ಇರಲಿ, ಹಿಂದೆ ಅಲ್ಲಿ ದುಡಿದವರದ್ದು. ಅವರು ಒಳ್ಳೆಯ ಮಾತಾಡಿದರೆ ಅರ್ಜಿ ಹಾಕೋಣ.