ಕೈಗೆಟುಕಿದ ದ್ರಾಕ್ಷಿ

ವೈನ್ ಬಲ್ಲವರ ಪಕ್ಕ ಕೂತು ವೈನ್ ಕುಡಿಯುವುದೆಂದರೆ ಸಂಗೀತ ವಿಮರ್ಶಕರ ಪಕ್ಕ ಕೂತು ಕಚೇರಿ ಕೇಳಿದ ಹಾಗೆ. ಯಾವಾಗ ತಲೆದೂಗಬೇಕು ಎಂಬ ಚಿಂತೆಯಲ್ಲೇ ಅರ್ಧ ಹೊತ್ತು ಕಳೆದುಹೋಗುತ್ತದೆ. ಅವರು ಗಾಜಿನ ಲೋಟವನ್ನು ಗಿರ್ರನೆ ತಿರುಗಿಸಿ, ಮೂಗು ಒಳಗಿಳಿಸಿ, ಕಣ್ಣು ಮುಚ್ಚಿ, ‘ಬ್ಲ್ಯಾಕ್‌ಕರಂಟ್... ಹಿಂದೆಯೇ ಸೀಡರ್ ಮರ’ ಎನ್ನುತ್ತಾರೆ. ಬ್ಲ್ಯಾಕ್‌ಕರಂಟನ್ನು ನಾನು ಕಂಡಿರುವುದು ಐಸ್‌ಕ್ರೀಮಿನಲ್ಲಿ ಮಾತ್ರ. ಸೀಡರ್ ಮರ ಮೂಸುವ ಪ್ರಸಂಗ ಇನ್ನೂ ಒದಗಿಲ್ಲ.

ಆದರೆ ಅವರು ಹೇಳುವುದೆಲ್ಲ ಬುರುಡೆಯೂ ಅಲ್ಲ. ಜರ್ಮನಿಯ ಮೋಸೆಲ್ ನದಿಯ ಕಡಿದಾದ ದಂಡೆಗಳಲ್ಲಿ ಬೆಳೆಯುವ ರೀಸ್ಲಿಂಗ್ ದ್ರಾಕ್ಷಿಯ ವೈನು ಹಳೆಯದಾದ ಮೇಲೆ ಪೆಟ್ರೋಲ್ ವಾಸನೆ ಬರುತ್ತದೆ, ಅದು ಒಳ್ಳೆಯ ಲಕ್ಷಣ ಎಂದಾಗ ನಕ್ಕಿದ್ದೆ. ಮೂಸಿ ನೋಡಿದರೆ ಸಾಕ್ಷಾತ್ ಬಂಕು! ಬಾಯಿಗಿಟ್ಟರೆ ಮಾತ್ರ ನಿಂಬೆ, ಜೇನು. ನ್ಯೂಜಿಲೆಂಡಿನ ಮಾರ್ಲ್‌ಬರೋ ಪ್ರದೇಶದ ಸೊವಿನ್ಯೋನ್ ಬ್ಲಾಂಕ್‌ನಲ್ಲಿ ಆಗತಾನೆ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಘಮ. ಈ ವೈನಿನಲ್ಲೂ ದೊಣ್ಣೆಮೆಣಸಿನಕಾಯಿಯಲ್ಲೂ ಇರುವುದು ಪೈರಜೀನ್ ಎಂಬ ಒಂದೇ ಜಾತಿಯ ರಾಸಾಯನಿಕ ಎಂದು ಮನೆಯಲ್ಲಿ ವಿವರಿಸಿದೆ. ‘ಅದಕ್ಕೆ ಅಷ್ಟೊಂದು ದುಡ್ಡು ಯಾಕೆ ಕೊಟ್ರಿ? ಫ್ರಿಜ್ಜಲ್ಲಿ ಕಾಲು ಕೇಜಿ ಇತ್ತಲ್ಲ’ ಎಂದಳು ಹೆಂಡತಿ.

ಮೂಗಿಗಿಂತ ಕಣ್ಣಿನ ಮಾತು ಕೇಳುವವರೂ ಇದ್ದಾರೆ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ ವೈನ್ ವಿದ್ಯೆ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಕೆಂಪು ವೈನಿಗೆ ಬಳಸುವ ವರ್ಣನೆಗಳೆಲ್ಲ ಧಾರಾಳವಾಗಿ ಹರಿದು ಬಂದವು. ಇದನ್ನು ಓದಿದ ಮೇಲೆ ನನ್ನ ಭಯ ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಕೌಟಿಲ್ಯನಿಂದ. ಅರ್ಥಶಾಸ್ತ್ರದಲ್ಲಿ ದ್ರಾಕ್ಷಿರಸದ ಮದ್ಯವನ್ನು ಅದು ಹುಟ್ಟಿದ ಸೀಮೆಯ ಹೆಸರಿನಿಂದಲೇ ಗುರುತಿಸುತ್ತಾರೆ. ಕಾಪಿಶಾಯನ ಎಂದರೆ ಈಗಿನ ಅಫ್ಘಾನಿಸ್ತಾನದ ಕಾಪಿಶಿಯ ಸರಕು. ಅಂದಮೇಲೆ ಊರಿನ ಹೆಸರು ಹೇಳಿ ಹುಬ್ಬೇರಿಸುವ ಚಾಳಿ ಫ್ರೆಂಚರಿಂದ ಶುರುವಾದದ್ದೇನಲ್ಲ.

ಹಾಗಾದರೆ ನಮ್ಮ ಸೀಮೆಯದು? ನಂದಿ ಬೆಟ್ಟದ ತಪ್ಪಲಿನಲ್ಲಿ, ಕೊಪ್ಪಳದ ಕಡೆ, ಅತ್ತ ನಾಸಿಕದಲ್ಲಿ ಫ್ರೆಂಚ್ ತಳಿಗಳು ಬೇರು ಬಿಟ್ಟು ದಶಕಗಳೇ ಆದವು. ನಾಸಿಕದ ಶೆನಿನ್ ಬ್ಲಾಂಕ್ ನಮ್ಮ ಬೇಸಿಗೆಗೆ ಹೇಳಿಮಾಡಿಸಿದ್ದು. ನಂದಿಯ ಕ್ಯಾಬರ್ನೆ ಸೊವಿನ್ಯೋನ್ ಯಾವ ಮೇಜಿನ ಮೇಲೂ ತಲೆ ತಗ್ಗಿಸಬೇಕಿಲ್ಲ. ಆದರೆ ದ್ರಾಕ್ಷಿ ಎಂದ ಕೂಡಲೇ ನನಗೆ ನೆನಪಾಗುವುದು ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಚಪ್ಪರದಲ್ಲಿ ತೂಗುವ ಬೆಂಗಳೂರು ಬ್ಲೂ. ಹಿಸುಕಿದರೆ ತಿರುಳು ಪುಳಕ್ಕೆಂದು ಬಾಯಿಗೆ ಹಾರಿ, ಸಿಪ್ಪೆ ಬೆರಳಲ್ಲೇ ಉಳಿಯುವ, ಬೀಜ ಉಗಿಯುವ ಸುಖವನ್ನೂ ಕೊಡುವ ಹಣ್ಣು. ವರ್ಷಕ್ಕೆ ಎರಡು ಬೆಳೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ವೈನ್ ಪಂಡಿತರು ಮಾತ್ರ ಇದರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಇದರಲ್ಲಿ ‘ನರಿಯ ವಾಸನೆ’ ಇದೆಯಂತೆ! ಕೈಗೆಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕತೆ ಗೊತ್ತಿತ್ತು. ಕೈಗೆಟುಕಿದ ದ್ರಾಕ್ಷಿಯನ್ನೇ ನರಿ ಎಂದು ಬೈಯುವವರನ್ನು ಕಂಡದ್ದು ಇಲ್ಲೇ.

ಪರವೂರಿನಲ್ಲಿ ಇದರ ಹೆಸರು ಇಸಬೆಲ್ಲಾ. ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಕಾಡುಬಳ್ಳಿಯ ರಕ್ತ ಬೆರೆತು. 1860ರ ದಶಕದಲ್ಲಿ ಅಮೆರಿಕದಿಂದಲೇ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ತೋಟಗಳ ಬೇರು ತಿಂದು ಮುಗಿಸುತ್ತಿದ್ದಾಗ, ಅಮೆರಿಕದ ಬಳ್ಳಿಗಳು ತಡೆದುಕೊಂಡವು. ಅವುಗಳ ಬೇರಿಗೆ ಫ್ರೆಂಚ್ ಕುಡಿ ಕಸಿ ಮಾಡಿ ಸಾಹೇಬರ ವೈನು ಉಳಿದುಕೊಂಡಿತು. ಬಡ ರೈತರು ಇಸಬೆಲ್ಲಾದಂಥವನ್ನು ನೇರವಾಗಿಯೇ ನೆಟ್ಟು ಹಿಂಡಿ ಕುಡಿದರು. ಮಾರುಕಟ್ಟೆಯಲ್ಲಿ ವೈನು ತುಂಬಿ ತುಳುಕಿದಾಗ, 1934ರಲ್ಲಿ, ಫ್ರಾನ್ಸ್ ಇಂಥ ಆರು ತಳಿಗಳನ್ನು ನಿಷೇಧಿಸಿತು. ಕುಡಿದರೆ ಹುಚ್ಚು ಹಿಡಿಯುತ್ತದೆ ಎಂಬ ಸುದ್ದಿಯನ್ನೂ ಹಬ್ಬಿಸಿದರು. ಬ್ರಿಟಿಷರ ಕಾಲದಿಂದ ಅದನ್ನೇ ತಿನ್ನುತ್ತ ಬಂದ ಬೆಂಗಳೂರಿನವರ ಬುದ್ಧಿಯ ಬಗ್ಗೆ ಯಾರಿಗಾದರೂ ಸಂಶಯವಿದ್ದರೆ ಅದಕ್ಕೆ ಟ್ರಾಫಿಕ್ಕೇ ಕಾರಣ ಎಂದುಕೊಳ್ಳಲಿ.

ಬೇರು ಸಹಿತ ಕೀಳಿಸಿದರೂ ಬಳ್ಳಿ ಅಲ್ಲಲ್ಲಿ ಬದುಕಿತು. ನನ್ನ ತಂಗಿಯ ಮಗಳು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸಲ ಬಂದಾಗ ‘ಮಾವ, ಇದನ್ನ ಮೂಸಿ ಹೇಳಿ’ ಎಂದು ತಿಳಿಗೆಂಪಿನ ಒಂದು ಬಾಟಲಿ ತೆಗೆದಳು. ಉಹುಡ್ಲರ್. ದಕ್ಷಿಣ ಬುರ್ಗೆನ್‌ಲಾಂಡಿನ ಹಳ್ಳಿಗಳ ವೈನು. ದಶಕಗಳ ನಿಷೇಧದ ನಂತರ 1992ರಲ್ಲಿ ಮಾರಲು ಅನುಮತಿ ಪಡೆದದ್ದು. ಇಸಬೆಲ್ಲಾ ಮತ್ತು ಅದರ ಅಣ್ಣತಮ್ಮಂದಿರೇ ಅದರ ಮೂಲ. ಅಲ್ಲಿಯವರು ಅದರಲ್ಲಿ ಕಾಡು ಸ್ಟ್ರಾಬೆರಿ ಕಾಣುತ್ತಾರೆ. ನನ್ನ ಮೂಗು ಕ್ಷಣವೂ ತಡೆಯದೆ ಚಿಕ್ಕಬಳ್ಳಾಪುರ ಎಂದಿತು. ಹೆಂಡತಿಯನ್ನು ಕರೆದು ಮೂಸಿಸಿದೆ. ‘ಇದು ನಮ್ಮ ಟೀಚರಮ್ಮನ ಮನೇದಲ್ವಾ?’

ಅವಳ ಊಹೆಯೂ ಸರಿಯೇ. ನಮ್ಮ ಬೀದಿಯ ಟೀಚರಮ್ಮ ಕ್ರಿಸ್‌ಮಸ್‌ಗೆ ತಿಂಗಳುಗಳ ಮುಂಚೆಯೇ ಬೆಂಗಳೂರು ಬ್ಲೂ ತಂದು, ತೊಳೆದು, ಆರಿಸಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗದ ಜೊತೆ ಭರಣಿಗೆ ತುಂಬಿ ಬಟ್ಟೆ ಕಟ್ಟಿ ಇಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಬೇಕು. ಹಬ್ಬದ ದಿನ ಕೇಕು, ಕಲ್‌ಕಲ್ಸ್ ಜೊತೆ ಹಾರ್ಲಿಕ್ಸ್ ಬಾಟಲಿಯಲ್ಲಿ ನಮ್ಮ ಪಾಲು ಬರುತ್ತದೆ. ಸಿಹಿ ತುಸು ಜಾಸ್ತಿ ಎಂಬುದನ್ನು ಬಿಟ್ಟರೆ ಆ ಭರಣಿಯ ಮುಂದೆ ನನ್ನದೇನೂ ತಕರಾರಿಲ್ಲ. ಉಹುಡ್ಲರ್‌ಗೆ ಸಿಹಿ ಕಡಿಮೆ, ಹುಳಿ ಚುರುಕು. ಮಸಾಲೆ ಕಡಲೆಬೀಜದ ಜೊತೆ ಅದನ್ನು ಮೀರಿಸುವುದನ್ನು ನಾನಿನ್ನೂ ಕುಡಿದಿಲ್ಲ.

ಇಟಲಿಯ ಈಶಾನ್ಯದಲ್ಲಿ ಇದೇ ಹಣ್ಣಿನಿಂದ ಫ್ರಾಗೊಲಿನೊ ಮಾಡುತ್ತಾರೆ. ರೈತರು ಮನೆಮಟ್ಟಿಗೆ ಮಾಡಿಕೊಳ್ಳಬಹುದು, ವೈನೆಂದು ಮಾರುವಂತಿಲ್ಲ. ಆ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸ್ಟ್ರಾಬೆರಿ ಪರಿಮಳ ಬೆರೆಸಿದ ಪಾನೀಯ. ಅದಕ್ಕಿಂತ ನಿಂಬೆ ಪಾನಕ ವಾಸಿ. ಅಟ್ಲಾಂಟಿಕ್ ನಡುವಿನ ಅಝೋರ್ಸ್ ದ್ವೀಪಗಳಲ್ಲಿ ಪೋರ್ಚುಗೀಸರು ಕರಿ ಲಾವಾಕಲ್ಲಿನ ಗೋಡೆಗಳ ಮರೆಯಲ್ಲಿ ಬಳ್ಳಿ ಬೆಳೆಸುತ್ತಾರೆ. ಅಲ್ಲಿ ಇಸಬೆಲ್ಲಾದ ವೈನಿಗೆ ವಿನ್ಯು ದ ಶೈರು ಎಂದು ಹೆಸರು. ಹಳ್ಳಿಯ ಹಬ್ಬಗಳಲ್ಲಿ ಹಂಚುವ ವೈನು ಅದು.

ಅದನ್ನು ತರಿಸಲು ನಾನು ಹವಣಿಸುತ್ತಿದ್ದೇನೆ. ಲಿಸ್ಬನ್‌ಗೆ ಹೊರಟಿರುವ ಗೆಳೆಯನೊಬ್ಬ ದ್ವೀಪಗಳಿಗೂ ಹೋಗುತ್ತಾನಂತೆ. ಆದರೆ ಸುಂಕವಿಲ್ಲದೆ ತರಲು ಬಿಡುವುದು ಎರಡೇ ಲೀಟರು, ಆ ಎರಡನ್ನೂ ಅವನ ಮಾವನವರು ವಿಸ್ಕಿಗೆಂದು ಆಗಲೇ ಕಾದಿರಿಸಿಬಿಟ್ಟಿದ್ದಾರೆ. ಮಾವನವರ ಜೊತೆ ಮಾತುಕತೆ ನಡೆದಿದೆ. ಸದ್ಯಕ್ಕೆ ಅರ್ಧ ಲೀಟರಿಗೆ ಇಳಿದಿದ್ದಾರೆ.