ಅಪ್ಪಟ ಜರ್ಮನ್ ಕಾರಿನ ತಪ್ಪೊಪ್ಪಿಗೆ

1991ರಲ್ಲಿ ನಿವೃತ್ತಿಯಾದ ಓಪೆಲ್ ಕಡೆಟ್ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ‘ಜರ್ಮನ್ ಇಂಜಿನಿಯರಿಂಗ್’ ಎಂದು ಹೊಗಳಿ ಮಾತು ಆರಂಭಿಸಬಾರದು. ಪತ್ರಿಕಾ ಧರ್ಮಕ್ಕೆ ಅನುಗುಣವಾಗಿ ಮೊದಲ ಪ್ರಶ್ನೆಯಲ್ಲೇ ಷರತ್ತು ಮುರಿಯಲಾಯಿತು.

ತಾವು ಅಪ್ಪಟ ಜರ್ಮನ್ ಕಾರು ತಾನೆ?

ಅಪ್ಪಟ ಎನ್ನುವುದನ್ನು ತುಪ್ಪಕ್ಕೆ ಇಟ್ಟುಕೊಳ್ಳಿ ಸ್ವಾಮಿ. ಓಪೆಲ್ ಕಂಪನಿ 1862ರಲ್ಲಿ ಜರ್ಮನಿಯ ರೂಸೆಲ್ಸ್‌ಹೈಮ್‌ನಲ್ಲಿ ಹೊಲಿಗೆ ಯಂತ್ರ ಮಾಡಿಕೊಂಡು ಶುರುವಾದದ್ದು ನಿಜ. ಆದರೆ ನಾನು 1936ರಲ್ಲಿ ಹುಟ್ಟುವ ಹೊತ್ತಿಗೆ ಮನೆಯೇ ಮಾರಿಹೋಗಿತ್ತು. ಅಮೆರಿಕದ ಡೆಟ್ರಾಯಿಟ್‌ನ ಜನರಲ್ ಮೋಟರ್ಸ್ 1929ರಲ್ಲಿ ಶೇ 80ರಷ್ಟು ಪಾಲನ್ನೂ 1931ರಲ್ಲಿ ಉಳಿದದ್ದನ್ನೂ ಕೊಂಡಿತ್ತು. ಜರ್ಮನಿ ಯುದ್ಧ ಸೋತಿತು, ನನ್ನ ವಿನ್ಯಾಸ ಯುದ್ಧ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟದ ಪಾಲಾಯಿತು. 1946ರ ಕೊನೆಗೆ ನಾನು ಮಾಸ್ಕೋದಲ್ಲಿ ‘ಮಾಸ್ಕ್ವಿಚ್ 400’ ಆಗಿ ಹೊರಬಿದ್ದೆ. ಡೆಟ್ರಾಯಿಟ್‌ನ ಬಂಡವಾಳಗಾರರ ಆಸ್ತಿ ಸಮಾಜವಾದದ ಸಾಧನೆಯಾಗಲು ಮೂತಿಯ ಮೇಲಿನ ಬಿಲ್ಲೆ ಬದಲಾದರೆ ಸಾಕಾಯಿತು. ಕಾರಿಗೆ ದೇಶಭಕ್ತಿ ಇರಬೇಕು ಎನ್ನುವವರು ನಾನು ಆಗ ಯಾವ ಬಾವುಟಕ್ಕೆ ವಂದಿಸಬೇಕಿತ್ತು ಎಂದು ಹೇಳಲಿ.

ಅದು ಯುದ್ಧದಿಂದಾದ ಅಪವಾದ. 1962ರ ಮರುಹುಟ್ಟಂತೂ ಜರ್ಮನಿಯದೇ ಅಲ್ಲವೇ?

ನಕ್ಷೆ ಅಲ್ಲಿಯದು, ದುಡಿದ ಕೈಗಳೂ ಅಲ್ಲಿಯವು. ಇದನ್ನು ಒಪ್ಪದಿದ್ದರೆ ನನಗೇ ಅವಮಾನ. ಕಲ್ಲಿದ್ದಲಿಗೆ ಬೇಡಿಕೆ ಕುಸಿದು ರೂರ್ ಪ್ರದೇಶದ ಗಣಿಗಳು ಮುಚ್ಚುತ್ತಿದ್ದ ಕಾಲವದು. ಬೋಖುಮ್‌ನಲ್ಲಿ ಹಳೆಯ ಡಾನೆನ್‌ಬೌಮ್ ಗಣಿಯ ಜಾಗದಲ್ಲೇ ನನ್ನ ಕಾರ್ಖಾನೆ ಎದ್ದಿತು. ನೆಲದಡಿ ದುಡಿದಿದ್ದ ಎಷ್ಟೋ ಮಂದಿ ಮೇಲೆ ಬಂದು ನನ್ನ ಬೋಲ್ಟು ಬಿಗಿದರು. ನನ್ನನ್ನು ಕಳುಹಿಸಿದ್ದು ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಎದುರಾಳಿಯಾಗಿ. ಅದರ ಎಂಜಿನ್ ಹಿಂದೆ, ಸಾಮಾನು ಮುಂದೆ, ಅದೂ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ನನ್ನದು ನೀರಿನಿಂದ ತಂಪಾಗುವ 993 ಸಿಸಿ, 40 ಅಶ್ವಶಕ್ತಿಯ ಎಂಜಿನ್, ಮುಂದುಗಡೆ. ಹಿಂದೆ ಸಂಸಾರದ ಪೆಟ್ಟಿಗೆಗಳು ಹಿಡಿಯುವ ಡಿಕ್ಕಿ. ಇಷ್ಟೆಲ್ಲ ಜರ್ಮನಿಯದೇ. ಆದರೆ ಕಾರ್ಖಾನೆ ಎಲ್ಲಿ ಏಳಬೇಕು, ಎಷ್ಟು ದಿನ ನಡೆಯಬೇಕು ಎಂಬುದಕ್ಕೆ ಕೊನೆಯ ರುಜು ಡೆಟ್ರಾಯಿಟ್‌ನದಾಗಿತ್ತು. ಜಾಹೀರಾತಿನಲ್ಲಿ ನಕ್ಷೆ, ಕೈ ಎರಡೂ ಕಾಣುತ್ತವೆ, ರುಜು ಕಾಣುವುದಿಲ್ಲ.

ಯಜಮಾನ ಯಾರಾದರೇನು? ಜರ್ಮನ್ ಗುಣಮಟ್ಟ ಎಂಬುದೊಂದು ಇದೆಯಲ್ಲ?

ಇದೆ. ಆದರೆ ಅದು ಮಣ್ಣಿನಲ್ಲಿ ಬೆಳೆಯುವುದಿಲ್ಲ. 1973ರ ನನ್ನ ಪೀಳಿಗೆಯನ್ನೇ ನೋಡಿ: ಅದೇ ಅಸ್ಥಿಪಂಜರ ಬ್ರೆಜಿಲ್‌ನಲ್ಲಿ ಷೆವರ್ಲೆ ಶೆವೆಟ್, ಜಪಾನಿನಲ್ಲಿ ಇಸುಜು ಜೆಮಿನಿ, ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಶೆವೆಟ್. 1984ರಲ್ಲಿ ಬಂದ ನನ್ನ ಕೊನೆಯ ಅವತಾರಕ್ಕೆ ಯುರೋಪಿನ 1985ರ ‘ವರ್ಷದ ಕಾರು’ ಪ್ರಶಸ್ತಿ ಬಂತು. ಅದೇ ಅವತಾರವನ್ನು ಕೊರಿಯಾದ ಡೇವೂ ತಯಾರಿಸಿ, ಪಾಂಟಿಯಾಕ್ ಲಮಾನ್ಸ್ ಹೆಸರಿನಲ್ಲಿ ಅಮೆರಿಕಕ್ಕೆ ಕಳುಹಿಸಿದಾಗ ಅಲ್ಲಿ ಗಳಿಸಿದ್ದು ಕಳಪೆ ಎಂಬ ಹೆಸರು. ವಂಶ ಒಂದೇ, ಫಲ ಬೇರೆ. ಗುಣಮಟ್ಟ ರಕ್ತದಲ್ಲಿದ್ದಿದ್ದರೆ ಹೀಗಾಗುತ್ತಿತ್ತೇ? ಅದು ಇರುವುದು ಬಿಡಿಭಾಗಕ್ಕೆ ಸುರಿಯುವ ದುಡ್ಡಿನಲ್ಲಿ, ತಪಾಸಣೆಯ ಬಿಗಿಯಲ್ಲಿ, ಕೆಲಸಗಾರರ ತರಬೇತಿಯಲ್ಲಿ. ನಿಮ್ಮ ದೇಶದ ಕತೆ ಇನ್ನೂ ಸ್ವಾರಸ್ಯ. 1995ರಲ್ಲಿ ನನ್ನದೇ ಮೈಕಟ್ಟಿಗೆ ಹೊಸ ಬಟ್ಟೆ ತೊಡಿಸಿದ ಡೇವೂ ಸಿಯೆಲೊ ಭಾರತಕ್ಕೆ ಬಂತು, ಮರುವರ್ಷ ನನ್ನ ಉತ್ತರಾಧಿಕಾರಿ ಓಪೆಲ್ ಆಸ್ಟ್ರಾ ಬಂತು. ಒಂದು ‘ಕೊರಿಯಾದ್ದು’, ಇನ್ನೊಂದು ‘ಜರ್ಮನಿಯದ್ದು’. ಒಂದೇ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತ ದಾಯಾದಿಗಳಿಗೆ ಎರಡು ಗೋತ್ರ!

ಹಾಗಾದರೆ ದೇಶ ಲೆಕ್ಕಕ್ಕೇ ಇಲ್ಲ ಎನ್ನುತ್ತೀರಾ?

ಬಿಲ್ಲೆಗಳೆಲ್ಲ ಸುಳ್ಳು ಎಂದುಬಿಡುವುದು ಸುಲಭ, ಅದೂ ಸೋಮಾರಿತನವೇ. ದೇಶಕ್ಕೆ ಕಾನೂನಿದೆ, ಕಾರ್ಮಿಕ ಸಂಘಗಳಿವೆ, ತರಬೇತಿ ಶಾಲೆಗಳಿವೆ. ಅವುಗಳ ಫಲ ನನ್ನ ಬಾಗಿಲು ಮುಚ್ಚುವ ಸದ್ದಿನಲ್ಲೂ ಕೇಳಿಸುತ್ತದೆ. ನನ್ನ ತಕರಾರು ಇಷ್ಟೆ: ಮಾರುವಾಗ ಮಾತ್ರ ನೆನಪಾಗುವ ದೇಶ ಮುಚ್ಚುವಾಗ ಯಾಕೆ ನೆನಪಾಗುವುದಿಲ್ಲ? ಬೋಖುಮ್ ಕಾರ್ಖಾನೆಯಲ್ಲಿ 2014ರ ಡಿಸೆಂಬರ್‌ನಲ್ಲಿ ಕಾರು ತಯಾರಿಕೆ ನಿಂತಿತು. ಗಣಿ ಕಳೆದುಕೊಂಡ ಊರು ಕಾರನ್ನೂ ಕಳೆದುಕೊಂಡಿತು. ‘ಜರ್ಮನ್’ ಎಂಬ ಬಿರುದು ಅಲ್ಲಿ ಒಂದು ಪಾಳಿಯನ್ನೂ ಉಳಿಸಲಿಲ್ಲ. ಅತ್ತ ಉಜ್ಬೇಕಿಸ್ತಾನದಲ್ಲಿ ಸಿಯೆಲೊದ ಒಡಹುಟ್ಟಾದ ನೆಕ್ಸಿಯಾ, ಅಂದರೆ ಇನ್ನೊಂದು ಹೆಸರಿನ ನಾನೇ, ಆಮೇಲೂ ತಯಾರಾಗುತ್ತಿತ್ತು. ಆದ್ದರಿಂದ ನಿಮ್ಮ ಓದುಗರಿಗೆ ನನ್ನ ಕಿವಿಮಾತು: ಕಾರು ಯಾವ ದೇಶದ್ದು ಎಂದು ತಿಳಿಯಬೇಕಿದ್ದರೆ ಮೂತಿಯ ಬಿಲ್ಲೆ ನೋಡಬೇಡಿ, ಕಾರ್ಖಾನೆಗೆ ಬೀಗ ಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂದು ವಿಚಾರಿಸಿ.