ಲೆಕ್ಕಸಹಾಯಕ ಲಕ್ಷಣ ಸಂಗ್ರಹ

ಅಧಿಕಾರಿಗಳು, ಎಂದರೆ ಇದನ್ನು ಓದತಕ್ಕವರು: ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳ ಮಕ್ಕಳು. ಇವರಿಗೆ ಲೆಕ್ಕ ಬರುವುದು ತಮಿಳು ಪುಸ್ತಕದಿಂದ, ಉತ್ತರ ಬರುವುದು ಇಂಗ್ಲಿಷ್ ಮೊಬೈಲಿನಿಂದ. ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ.

ಪೂರ್ವಾಚಾರ್ಯರು: ನೊಳಂಬ ಅರಸರು ಧರ್ಮಪುರಿಯಲ್ಲಿ ಕನ್ನಡ ಶಾಸನ ಹಾಕಿಸುತ್ತಿದ್ದ 9ನೇ ಶತಮಾನದಲ್ಲೇ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿ ಲೆಕ್ಕಗಳನ್ನೆಲ್ಲ ವಿಂಗಡಿಸಿ ಇಟ್ಟರು. ಲೆಕ್ಕ ಬಿಡಿಸಿಕೊಡುವವರನ್ನು ವಿಂಗಡಿಸುವ ಹೊಣೆ ನಮ್ಮ ಪಾಲಿಗೆ ಉಳಿಯಿತು. ಅವರು ನಾಲ್ಕು ವಿಧ.

ಒಂದು, ಛಾಯಾಗ್ರಾಹಿ. ಲೆಕ್ಕದ ಫೋಟೋ ಹಿಡಿದರೆ ಹಂತಹಂತವಾಗಿ ಬಿಡಿಸಿ ತೋರಿಸುವುದು ಇದರ ಲಕ್ಷಣ. 2014ರಲ್ಲಿ ಕ್ರೊಯೇಷಿಯಾದವರು ಹೊರತಂದ ಫೋಟೋಮ್ಯಾಥ್ ಈ ಜಾತಿಯ ಮೂಲಪುರುಷರಲ್ಲೊಂದು. ಗುಣ: ನಡುರಾತ್ರಿಯೂ ಬೇಸರಿಸದು. ದೋಷ: ಹಂತಗಳನ್ನು ನಕಲು ಮಾಡಿದ ಕೈಗೆ ಅಭ್ಯಾಸವಾಗುತ್ತದೆ, ತಲೆಗೆ ಆಗುವುದಿಲ್ಲ. ಪರಿಹಾರ: ಮೊದಲ ಹಂತವನ್ನಷ್ಟೇ ನೋಡಿ ಮೊಬೈಲನ್ನು ಬೋರಲು ಹಾಕುವುದು.

ಎರಡು, ಪ್ರವಚನಕಾರಿ. ಸಲ್ಮಾನ್ ಖಾನ್ (ಚಿತ್ರನಟನಲ್ಲ) ದೂರದೂರಿನ ಸೋದರಸಂಬಂಧಿ ತಂಗಿಗೆ ಹೇಳಿಕೊಟ್ಟ ಪಾಠದಿಂದ ಬೆಳೆದು 2008ರಲ್ಲಿ ಸಂಸ್ಥೆಯಾದ ಖಾನ್ ಅಕಾಡೆಮಿ ಇದರ ಸಾರ್ವಭೌಮ, ಕನ್ನಡದಲ್ಲೂ ಪಾಠಗಳಿವೆ. ಉಪಜಾತಿಗಳು ಎರಡು: 2019ರಲ್ಲಿ ಶುರುವಾದ ತಮಿಳುನಾಡಿನ ಕಲ್ವಿ ಟಿವಿ, ಪಠ್ಯಪುಸ್ತಕದ ಕ್ಯೂಆರ್ ಚೌಕದೊಳಗೆ ಅಡಗಿರುವ ದೀಕ್ಷಾ ಪಾಠತಾಣ. ಗುಣ: ಹಿಂದಕ್ಕೆ ಎಳೆದು ಹತ್ತು ಸಲ ಕೇಳಿದರೂ ಮೇಷ್ಟ್ರ ಹುಬ್ಬು ಗಂಟಿಕ್ಕುವುದಿಲ್ಲ. ದೋಷ: ಕೇಳುವಾಗ ಎಲ್ಲ ತಿಳಿದಂತಾಗುವುದು.

ಮೂರು, ಚಿತ್ರಕಾರಿ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಹುಟ್ಟಿದ ಜಿಯೋಜಿಬ್ರಾ, ಅದರ ದಾಯಾದಿ ಡೆಸ್ಮೋಸ್. ಸಮೀಕರಣದ ಒಂದು ಅಂಕಿ ಕದಲಿಸಿದರೆ ಪರವಲಯ ಅಗಲವಾಗುತ್ತದೆ, ಕಿರಿದಾಗುತ್ತದೆ, ತಲೆಕೆಳಗಾಗುತ್ತದೆ. ತಮಿಳುನಾಡಿನ ಹತ್ತನೇ ತರಗತಿ ಪತ್ರಿಕೆಯ ಕೊನೆಯಲ್ಲಿ ರೇಖಾಗಣಿತ ರಚನೆಗೆ 8, ನಕ್ಷೆಗೆ 8 ಅಂಕ ಕಾದಿರುವುದರಿಂದ ಈ ಜಾತಿ ವಿಶೇಷ ಪೂಜ್ಯ. ಆದರೆ ಪರೀಕ್ಷಾ ಕೋಣೆಗೆ ಕೈವಾರಕ್ಕೆ ಮಾತ್ರ ಪ್ರವೇಶ.

ನಾಲ್ಕು, ಸರ್ವಜ್ಞಮಾನಿ. ಮಾತಾಡುವ ಕೃತಕ ಬುದ್ಧಿ. ಸರಿಯನ್ನೂ ತಪ್ಪನ್ನೂ ಒಂದೇ ವಿನಯದಿಂದ ಹೇಳುವುದು ಇದರ ಅಸಾಧಾರಣ ಲಕ್ಷಣ. ಉದಾಹರಣೆಗೆ, ಸೇಲಂನ ನೇಕಾರ ದೇವಾಂಗರ ಮನೆಯ ಲೆಕ್ಕ: ಒಂದು ಪೌಂಡು 60ನೇ ನಂಬರಿನ ಹತ್ತಿನೂಲು ಎಷ್ಟು ಗಜ? ನೂಲಿನ ನಂಬರೆಂದರೆ ಪೌಂಡಿಗೆ 840 ಗಜದ ಲಡಿಗಳು ಎಷ್ಟೆಂಬುದು. 60 ಸಲ 840, ಅಂದರೆ 50,400 ಗಜ. ಯಂತ್ರ ಒಂದು ಸೊನ್ನೆ ಹೆಚ್ಚಿಗೆ ಹಾಕಿ 5,04,000 ಎಂದರೂ ಅಷ್ಟೇ ನಯವಾಗಿ ಹೇಳೀತು. ಮಗ್ಗದ ಮುಂದಿನ ತಾತ ನಗುತ್ತಾನೆ: ಅಷ್ಟು ನೂಲು ಸೇಲಂನಿಂದ ಬೆಂಗಳೂರಿಗೆ ಹೋಗಿ ಬಂದರೂ ಮಿಗುತ್ತದೆ, ಒಂದು ಪೌಂಡಿನಲ್ಲಿ ಎಲ್ಲಿಂದ ಬಂತು? ಉತ್ತರದ ಗಾತ್ರವನ್ನು ಮೊದಲೇ ಅಂದಾಜು ಮಾಡುವ ಈ ವಿದ್ಯೆಗೆ ಡೇಟಾ ಪ್ಯಾಕ್ ಬೇಡ.

ಪೂರ್ವಪಕ್ಷ: ಉತ್ತರ ತೋರಿಸುವ ಸಾಧನಗಳೆಲ್ಲ ಮಕ್ಕಳನ್ನು ಕೆಡಿಸುತ್ತವೆ. ಸಿದ್ಧಾಂತ: ಕೆಡಿಸಲೇಬೇಕೆಂದಿಲ್ಲ. ಸೇಲಂ ಪಕ್ಕದ ಈರೋಡಿನಲ್ಲಿ 1887ರಲ್ಲಿ ಹುಟ್ಟಿದ ರಾಮಾನುಜನ್ ಓದಿದ, ಕಾರ್ ಎಂಬವರ ಗಣಿತ ಸಂಗ್ರಹದಲ್ಲಿ ಇದ್ದದ್ದು ಸುಮಾರು 5,000 ಫಲಿತಾಂಶಗಳು. ಅವುಗಳ ರುಜುವಾತುಗಳು ಬಹುಪಾಲು ಇರಲಿಲ್ಲ, ಇದ್ದರೂ ಚುಟುಕು. ಆ ರುಜುವಾತುಗಳನ್ನು ಹುಡುಗ ತಾನೇ ಕಟ್ಟಿಕೊಂಡ. ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಲೆಕ್ಕ ಬಿಡಿಸಲು ಹೇಳಿದ ನಾಲ್ಕು ಮೆಟ್ಟಿಲುಗಳಲ್ಲಿ ಕೊನೆಯದು, ಬಿಡಿಸಿದ್ದನ್ನು ಹಿಂತಿರುಗಿ ನೋಡುವುದು. ಮೇಲಿನ ಯಾವ ಜಾತಿಯೂ ಆ ಮೆಟ್ಟಿಲನ್ನು ನಿಮ್ಮ ಪರವಾಗಿ ಹತ್ತದು.

ಫಲಶ್ರುತಿ: ನಾಲ್ವರನ್ನೂ ಬಳಸಿ. ಆಮೇಲೆ ಮೊಬೈಲು ಮುಚ್ಚಿ, ಅದೇ ಲೆಕ್ಕವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿಕೊಡಿ. ಅವರಿಗೆ ಅರ್ಥವಾಗದಿದ್ದರೆ ನಿಮಗೂ ಆಗಿಲ್ಲವೆಂದು ತಿಳಿದು, ಮತ್ತೆ ಮೊದಲಿನಿಂದ ಬಿಡಿಸಿ.